ಬೀಗ ಹಾಕಿದ ಮನೆಯ ದನಿ

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ದೆವ್ವ ಗಿವ್ವ ನಂಬಿದವನಲ್ಲ. ಹಳೇಬೀಡಿನ ಸಾವಿತ್ರಮ್ಮ ತೀರಿಹೋದ ಮಗಳು ಚೈತ್ರಾಳ ಲ್ಯಾಪ್‌ಟಾಪ್ ತಂದಿದ್ದರು.

"ಅವಳ ದನಿ ಒಂದ್ಸಲ ಕೇಳ್ಸಪ್ಪ. ಮರ್ತೋಗ್ತಾ ಐತೆ" ಎಂದು ಕೈಮುಗಿದರು.

ಹುಡುಗಿ ಸತ್ತದ್ದು ಕೆಟ್ಟ ನಕ್ಷತ್ರದಲ್ಲಿ. ಹಾಗಾಗಿ ಮನೆಗೆ ಬೀಗ ಹಾಕಿ, ಕರೆಂಟು ತೆಗೆಸಿ, ಎಲ್ಲರೂ ಬೇರೆ ಕಡೆ ಇದ್ದರು. ಅವಳ ಫೋನು ಒಳಗೇ ಉಳಿದಿತ್ತು.

ಲ್ಯಾಪ್‌ಟಾಪಿನಲ್ಲಿ ಅಳಿಸಿಹೋದ ಫೈಲುಗಳವರೆಗೂ ಹುಡುಕಿದೆ, ಅವಳ ದನಿಯಿದ್ದದ್ದು ಒಂದೂ ಸಿಗಲಿಲ್ಲ. ಕೊನೆಗೆ ಪಾಸ್‌ವರ್ಡ್ ಬದಲಿಸಿ ಅವಳ ಆನ್‌ಲೈನ್ ಅಕೌಂಟ್ ತೆರೆದೆ. ಅಲ್ಲಿ ಆ ಫೋನಿನಿಂದ ಬಂದ ರೆಕಾರ್ಡಿಂಗ್‌ಗಳಿದ್ದವು, ಎಲ್ಲವೂ ಬೀಗ ಹಾಕಿದ ಮೇಲಿನವು. ಮೊದಲನೆಯದರಲ್ಲಿ ಬರೀ ಹೆಜ್ಜೆ ಸದ್ದು. ಮುಂದಿನದರಲ್ಲಿ ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು.

"ಅವ್ವಾ, ಯಾಕೆ ಬೀಗ ಹಾಕ್ಕೊಂಡು ಹೋದ್ರಿ?"

ಸಾವಿತ್ರಮ್ಮ ಬೀಗದ ಕೈ ಗಂಟು ಹಾಕಿದ್ದ ಸೆರಗನ್ನು ಬಾಯಿಗೊತ್ತಿಕೊಂಡರು. "ಅವಳೇ ಕಣಪ್ಪ. ಆರು ತಿಂಗ್ಳು ತೆಗೀಬಾರ್ದು ಅಂತಾರೆ, ನಾನೇನ್ ಮಾಡ್ಲಿ."

ನೋಡುತ್ತಿದ್ದಂತೆಯೇ ಇನ್ನೊಂದು ಫೈಲು ಬಂತು. ಅದರಲ್ಲಿ ಮಾತಿರಲಿಲ್ಲ. ಬೀಗ ಕಳಚಿದ ಸದ್ದು, ಬಾಗಿಲು ಕಿರುಗುಟ್ಟಿದ ಸದ್ದು, ಆಮೇಲೆ ಬೀದಿಯಲ್ಲಿ ಬಸ್ಸಿನ ಹಾರನ್ನು.

ಆ ಬೀಗಕ್ಕೆ ಇರುವುದು ಒಂದೇ ಕೈ. ಸಾವಿತ್ರಮ್ಮ ಆ ಗಂಟನ್ನು ಇನ್ನೂ ಬಾಯಿಗೊತ್ತಿಕೊಂಡೇ ನಿಂತಿದ್ದರು.