ಹನ್ನೆರಡು ಅಂಕಿಯ ಆರೋಪಿ

ರವೀಂದ್ರನ ಗಂಟಲು ಎಂಥದ್ದೆಂದರೆ, ಒಮ್ಮೆ ಅವನು ಪಾಲಹಳ್ಳಿಯ ತನ್ನ ಮನೆ ಜಗಲಿಯ ಮೇಲೆ ನಿಂತು ‘ಯಾರಲ್ಲಿ?’ ಎಂದು ಗದರಿದಾಗ ಕನ್ನಂಬಾಡಿ ಕಟ್ಟೆಯ ನೀರು ಎರಡು ಅಡಿ ಹಿಂದಕ್ಕೆ ಸರಿದು ಕೈಕಟ್ಟಿ ನಿಂತಿತ್ತು. ಇಂಜಿನಿಯರುಗಳು ಮೂರು ದಿನ ಅಳತೆಗೋಲು ಹಿಡಿದು ತಲೆ ಕೆರೆದುಕೊಂಡರು. ನಂಬದವರು ಹೋಗಿ ನೀರನ್ನೇ ಕೇಳಬಹುದು.

ಇಂಥ ಗಂಟಲನ್ನು ಸರ್ಕಾರ ಬೇಡವೆಂದಿತು. ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲು. ಮೂರು ಸಲ ಬರವಣಿಗೆಯಲ್ಲಿ ಹೋಯಿತು, ನಾಲ್ಕನೆಯ ಸಲ ಓಟದಲ್ಲಿ. ಓಡಲು, ಬರೆಯಲು ಅಂಕ ಇಟ್ಟವರು ಗದರಲು ಒಂದೇ ಒಂದು ಅಂಕ ಇಟ್ಟಿರಲಿಲ್ಲ. ದೇಶದ ಕಾನೂನು ಸುವ್ಯವಸ್ಥೆ ಹಾಳಾದದ್ದು ಅಲ್ಲೇ ಎಂದು ರವೀಂದ್ರ ದೃಢವಾಗಿ ನಂಬಿದ್ದ.

ಹೀಗಾಗಿ ಅವನು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಪುಟಕ್ಕೆ ಎರಡು ರೂಪಾಯಿಯಂತೆ ಕಾಲ ಹಾಕಬೇಕಾಯಿತು. ಅವಮಾನ ಅಷ್ಟಕ್ಕೇ ನಿಲ್ಲಲಿಲ್ಲ. ಊರಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅದರಲ್ಲೂ ಕಾನ್‌ಸ್ಟೇಬಲ್ ಮುದ್ದಯ್ಯ. ಇಲಿಮರಿಯಂಥ ದನಿಯ ಈ ಮನುಷ್ಯ, ರವೀಂದ್ರ ಓಟದಲ್ಲಿ ಬಿದ್ದ ವರ್ಷವೇ ಪೊಲೀಸ್ ಇಲಾಖೆಗೆ ಸೇರಿದ್ದ.

‘ಲೇ ಜೆರಾಕ್ಸು, ಇದು ನಲವತ್ತು ಕಾಪಿ ತಗಿಲಾ. ಬಿರ್‍ರನೆ ತಗಿ, ಸಾಯೇಬ್ರು ಕಾಯ್ತಾವ್ರೆ.’

‘ಕಾಸು?’

‘ಸರ್ಕಾರದ ಕೆಲ್ಸುಕ್ಕೆ ಕಾಸು ಕೇಳ್ತೀಯೇನ್ಲಾ? ಬರ್ದಿಟ್ಕೊ ಬುಡು.’

ಆ ಹಾಳೆ ಸಾರ್ವಜನಿಕರಿಗೆ ಒಂದು ಎಚ್ಚರಿಕೆ. ಯಾವ ಪೊಲೀಸರೂ, ಯಾವ ಸರ್ಕಾರಿ ಕಚೇರಿಯೂ ಫೋನಿನಲ್ಲಿ ಬಂಧಿಸುವುದಿಲ್ಲ. ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ದುರ್ಬಳಕೆಯಾಗಿದೆ, ಯಾರಿಗೂ ಹೇಳಬೇಡಿ, ಹಣವನ್ನು ತಪಾಸಣೆಗೆ ವರ್ಗಾಯಿಸಿ ಎಂದರೆ ಅದು ಮೋಸ. ಫೋನ್ ಇಟ್ಟು ತಕ್ಷಣ 1930ಕ್ಕೆ ಕರೆ ಮಾಡಿ. ನಲವತ್ತು ಸಲ ಅದು ಗಾಜಿನ ಮೇಲೆ ಬೆಳಗಿ ಹೋಯಿತು. ನಲವತ್ತು ಸಲವೂ ರವೀಂದ್ರ ಓದಿದ. ಬೇರೆಯವರಿಗೆ ಅದು ಎಚ್ಚರಿಕೆ, ಅವನಿಗೆ ಸಿಲಬಸ್ಸು. ನಾಲ್ಕು ಸಲ ಪರೀಕ್ಷೆ ಬರೆದರೂ ಇಷ್ಟು ಸ್ಪಷ್ಟವಾದ ಪಠ್ಯ ಅವನ ಕೈಗೆ ಸಿಕ್ಕಿರಲಿಲ್ಲ.

ಇನ್ನು ಬೇಕಿದ್ದದ್ದು ಆಧಾರ್ ಸಂಖ್ಯೆ. ಅದನ್ನು ದೇವರೇ ಅಂಗಡಿಗೆ ಕಳಿಸಿಕೊಟ್ಟ, ಅದೂ ರಬ್ಬರ್ ಬೂಟು ಹಾಕಿಸಿ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಮೊಣಕಾಲುದ್ದ ಬೂಟು ಹಾಕಿಕೊಂಡ ಒಬ್ಬ ನೌಕರ ಬಂದು, ಆರು ಪುಟದ ಸರ್ಕಾರಿ ಪಟ್ಟಿಯೊಂದನ್ನು ಎರಡೆರಡು ಪ್ರತಿ ತೆಗೆಯಲು ಹೇಳಿ ಟೀ ಕುಡಿಯಲು ಹೋದ. ರವೀಂದ್ರ ಮೂಗು ಮುಚ್ಚಿಕೊಂಡೇ ಪಟ್ಟಿಯ ಮೇಲೆ ಕಣ್ಣಾಡಿಸಿದ. ಹೆಸರು, ಊರು, ಮೊಬೈಲ್ ನಂಬರು, ಅದರ ಮುಂದೆ ಹನ್ನೆರಡು ಅಂಕಿಯ ಸಂಖ್ಯೆ. ಭಾರತದಲ್ಲಿ ಹನ್ನೆರಡು ಅಂಕಿ ಎಂದರೆ ಏನೆಂದು ಅಂಗನವಾಡಿ ಮಕ್ಕಳಿಗೂ ಗೊತ್ತು. ಮೊದಲ ಪುಟದಲ್ಲಿ ಬರೀ ಮೊಹರು, ಸಹಿ, ತಲೆಬರಹದ ತಾಪತ್ರಯ. ಮೊಹರಿರುವ ಕಾಗದ ಮುಟ್ಟಬಾರದೆಂಬುದು ವೃತ್ತಿಪರರ ನಿಯಮ. ಅವನು ಅದನ್ನು ಬಿಟ್ಟು ಮೂರನೆಯ ಮತ್ತು ನಾಲ್ಕನೆಯ ಪುಟಗಳನ್ನು ಮಾತ್ರ ಒಂದೊಂದು ಪ್ರತಿ ಹೆಚ್ಚಿಗೆ ತೆಗೆದು ಒಳಗಿಟ್ಟುಕೊಂಡ. ಹನ್ನೆರಡು ಹಾಳೆಗೆ ಬದಲು ಹದಿನಾಲ್ಕಕ್ಕೆ ಬಿಲ್ಲು ಬರೆದು ಕೊಟ್ಟ. ಕದ್ದ ಹಾಳೆಗೂ ಕದಿಸಿಕೊಂಡವನಿಂದಲೇ ಕಾಸು ವಸೂಲು ಮಾಡಿದ ಇನ್ನೊಬ್ಬ ಬುದ್ಧಿವಂತ ಕಾವೇರಿಯ ಈ ದಡದಲ್ಲೂ ಇಲ್ಲ, ಆ ದಡದಲ್ಲೂ ಇಲ್ಲ.

ಮೂರನೆಯ ಪುಟದ ಏಳನೆಯ ಸಾಲಿನಲ್ಲಿ ಯಶೋದಮ್ಮ, ಸಿಂಧಘಟ್ಟ ಎಂದಿತ್ತು. ಆಕೆ ಅವನಿಗೆ ಗೊತ್ತು. ಹಿಂದಿನ ವಾರವಷ್ಟೇ ಆಸ್ಪತ್ರೆ ಕಾಗದದ ಪ್ರತಿ ತೆಗೆಸಲು ಸೊಸೆ ಸಹನಳ ಜೊತೆ ಬಂದು, ಕೇಳದಿದ್ದರೂ ಎಲ್ಲ ಹೇಳಿಕೊಂಡಿದ್ದಳು.

‘ನಮ್ಮೆಜಮಾನ್ರಿಗೆ ಎಲ್ಡು ಮಂಡೀನೂ ಆಪರೇಸನ್ನು ಕಣಪ್ಪ. ಬರೋ ತಿಂಗ್ಳು. ಎಲ್ಡೂ ಮುಕ್ಕಾಲು ಲಕ್ಸ ಅಂದವ್ರೆ. ಎಂಟು ವರ್ಸ ಡೈರಿಗೆ ಹಾಲು ಹುಯ್ದು ಬ್ಯಾಂಕ್ನಾಗೆ ಮಡಗಿವ್ನಿ. ಮನ್ಸ ಒಂದ್ಸತಿ ಎದ್ದು ಓಡಾಡ್ಬುಟ್ರೆ ಸಾಕು.’

ಹಾಳೆ ಮುದುರದಿರಲೆಂದು ರವೀಂದ್ರ ಅವಳ ಕಾಗದಗಳನ್ನು ಒಂದು ರದ್ದಿ ಪ್ರತಿಯಲ್ಲಿ ಸುತ್ತಿಕೊಟ್ಟಿದ್ದ. ಮುದ್ದಯ್ಯನ ನಲವತ್ತರಲ್ಲಿ ಮಸಿ ಬಳಿದುಹೋದ ಒಂದು ಪ್ರತಿ. ಗಿರಾಕಿಗಳ ಬಗ್ಗೆ ಅವನಿಗೆ ಅಷ್ಟು ಕಾಳಜಿ. ಆಕೆಯ ಗಂಡ ದೇವಯ್ಯನ ಮಂಡಿಯ ಬಗ್ಗೆ ಕೂಡ ಅವನು ಯೋಚಿಸದೆ ಇರಲಿಲ್ಲ. ಅರವತ್ತೆಂಟು ವರ್ಷ ಓಡಾಡಿದವರು ಇನ್ನು ಕೂತುಕೊಳ್ಳುವುದೇ ಆರೋಗ್ಯಕ್ಕೆ ಒಳ್ಳೆಯದು ಎಂಬ ವೈದ್ಯಕೀಯ ತೀರ್ಮಾನಕ್ಕೆ ಅವನು ಅರ್ಧ ನಿಮಿಷದಲ್ಲಿ ಬಂದ.

ಯೋಜನೆಯನ್ನು ಅವನು ನಾಲ್ಕು ತಾಲ್ಲೂಕಿಗೆ ಹಂಚಿದ. ಸಿಮ್ಮು ಶ್ರೀರಂಗಪಟ್ಟಣದ ಗೆಳೆಯ ಕಿಶನ್ ಕೊಡಿಸಿದ್ದು, ಯಾರ ಹೆಸರಿನದೋ. ಹಣ ಬೀಳುವ ಖಾತೆ ನಾಗಮಂಗಲದ್ದು, ಅದೂ ಯಾರದೋ. ಫೋನು ಮಾಡುವುದು ಪಾಂಡವಪುರದ ಕುಂತಿಬೆಟ್ಟದ ಬಂಡೆಯ ಮೇಲಿಂದ. ಅಂಗಡಿ ಕೆ.ಆರ್. ಪೇಟೆ. ನಾಲ್ಕು ತಾಲ್ಲೂಕಿನ ಪೊಲೀಸರು ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿದ ಹೊರತು ಈ ಗಂಟು ಬಿಚ್ಚುವುದಿಲ್ಲ. ನಾಲ್ಕೂ ತಾಲ್ಲೂಕಿಗೆ ದೂರು ಕೊಡುವ ನಂಬರು ಒಂದೇ ಎಂಬುದು ಅವನಿಗೆ ನೆನಪಿತ್ತು. ಆದರೆ ಆ ನಂಬರು ನೆನಪಿಟ್ಟುಕೊಳ್ಳುವಷ್ಟು ಓದಿದವರು ಸಿಂಧಘಟ್ಟದಲ್ಲಿ ಯಾರಿದ್ದಾರೆ?

ಭಾಷೆಗಾಗಿ ಒಂದು ವಾರ ಸಾಧನೆ ಮಾಡಿದ. ಮಂಡ್ಯದ ನಾಲಿಗೆ ಎಲ್ಲಿ ಜಾರುತ್ತದೆಂದು ಅವನಿಗೆ ಗೊತ್ತಿತ್ತು. ಬೈಕಿನಲ್ಲಿ ಹೋಗುವಾಗೆಲ್ಲ ‘ಹಣ, ಹಾಜರಿ, ಹೊಸಿಲು, ಹೊಣೆ’ ಎಂದು ಹೊಟ್ಟೆಯಿಂದ ಉಸಿರು ಎಳೆದು ಹೇಳುತ್ತಿದ್ದ. ವಾರದ ಕೊನೆಗೆ ಅವನ ಹಕಾರ ಎಷ್ಟು ಗಟ್ಟಿಯಾಯಿತೆಂದರೆ, ಎದುರು ಬಂದ ಕಬ್ಬಿನ ಟ್ರಾಕ್ಟರು ದಾರಿ ಬಿಟ್ಟು ಗದ್ದೆಗಿಳಿಯಿತು.

ಗುರುವಾರ ಸಂಜೆ ನಾಲ್ಕೂವರೆಗೆ, ಕುಂತಿಬೆಟ್ಟದ ಬಂಡೆಯ ನೆರಳಿನಲ್ಲಿ ಕೂತು ಅವನು ಫೋನು ಹಚ್ಚಿದ.

‘ಯಶೋದಮ್ಮನವರೇ? ನಾನು ದೆಹಲಿಯ ಕೇಂದ್ರ ಅಪರಾಧ ಕಚೇರಿಯಿಂದ ಉಪ ಆಯುಕ್ತರು ಮಾತನಾಡುತ್ತಿದ್ದೇನೆ.’

‘ಯಾರು, ಕರೆಂಟಿನವ್ರಾ? ಬಿಲ್ಲು ಮೊನ್ನೇನೇ ಕಟ್ಬುಟ್ವಲ್ಲ ಸ್ವಾಮಿ.’

‘ಕರೆಂಟಲ್ಲ. ನಿಮ್ಮ ಆಧಾರ್ ಬಳಸಿ ವಿದೇಶಕ್ಕೆ ಒಂದು ಪಾರ್ಸೆಲ್ ಹೋಗಿದೆ. ಅದರಲ್ಲಿ ಮಾದಕ ವಸ್ತು ಸಿಕ್ಕಿದೆ.’

‘ನಾನು ಪಾರ್ಸಲ್ಲು ಕಳ್ಸಿರೋದು ಒಂದೇ ಸತಿ ಸ್ವಾಮಿ, ನಾಗಮಂಗಲದಾಗಿರೋ ನಮ್ಮಕ್ಕುಂಗೆ ಚಕ್ಲಿ. ಅದ್ರಾಗೆ ಎಳ್ಳು ಬುಟ್ರೆ ಇನ್ನೇನೂ ಆಕಿಲ್ಲ, ದೇವ್ರಾಣೆ.’

ರವೀಂದ್ರ ಒಂದು ಮೆಟ್ಟಿಲು ದನಿ ಏರಿಸಿದ. ಬೆಟ್ಟದ ಕೋತಿಗಳು ಸಾಲಾಗಿ ಎದ್ದು ನಿಂತವು. ಅವನು ಪಟ್ಟಿಯಿಂದ ಹನ್ನೆರಡು ಅಂಕಿಯನ್ನು ಒಂದೊಂದಾಗಿ ಓದಿದ. ಕೊನೆಯ ನಾಲ್ಕು ಅಂಕಿ, ‘ನಾಲ್ಕು, ಸೊನ್ನೆ, ಏಳು, ಮೂರು’ ಬಂದಾಗ ನ್ಯಾಯಾಧೀಶರು ತೀರ್ಪು ಓದುವಂತೆ ನಿಧಾನಿಸಿದ.

‘ತಡೀರಿ ಸ್ವಾಮಿ, ಇನ್ನೊಂದ್ಸತಿ ಹೇಳಿ. ಸಹನ, ಬರ್ಕೊಳ್ಳವ್ವ. ಕಾರ್ಡು ಪೆಟ್ಟಿಗೇಲಿ ಎಲ್ಲಿ ಸೇರ್‍ಕಂಡದೋ ಕಾಣೆ.’

ಅವನು ಇನ್ನೊಮ್ಮೆ ಹೇಳಿದ. ಬರೆದುಕೊಳ್ಳಲಿ. ಬರೆದುಕೊಂಡಷ್ಟೂ ಭಯ ಹೆಚ್ಚುತ್ತದೆ. ನಂತರ ಸಿಲಬಸ್ಸಿನ ಪ್ರಕಾರ ಮುಂದುವರಿದ. ಅವರೀಗ ಫೋನಿನಲ್ಲೇ ಬಂಧನದಲ್ಲಿದ್ದಾರೆ. ಹೊಸಿಲು ದಾಟಬಾರದು. ಯಾರಿಗೂ ಹೇಳಬಾರದು. ನಾಳೆ ಹನ್ನೊಂದಕ್ಕೆ ಬ್ಯಾಂಕಿನಲ್ಲಿರುವ ಹಣವನ್ನೆಲ್ಲ ತಪಾಸಣೆಯ ಖಾತೆಗೆ ವರ್ಗಾಯಿಸಬೇಕು. ನಿರ್ದೋಷಿ ಎಂದಾದರೆ ಹಣ ವಾಪಸು.

‘ಅದು ಇವ್ರ ಮಂಡಿ ದುಡ್ಡು ಸ್ವಾಮಿ,’ ಎಂದಳು ಯಶೋದಮ್ಮ. ‘ಅದು ಓಗ್ಬುಟ್ರೆ ಇವ್ರು ಮೇಲಕ್ಕೇಳಾಕಿಲ್ಲ.’

‘ಕಾನೂನಿಗೆ ಮಂಡಿ ಇಲ್ಲ,’ ಎಂದ ರವೀಂದ್ರ. ಈ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಂಡ.

ಆ ಕಡೆಯಿಂದ ಮೂಗು ಸೀಟಿದ ಸದ್ದು. ‘ಸ್ವಾಮಿ, ಹೊಸ್ಲು ದಾಟ್ಬಾರ್ದು ಅಂದ್ರಿ. ಹಾಲು ಕರೆಯೋ ಹೊತ್ತಾಯ್ತು. ಕರೀದಿದ್ರೆ ಕೆಚ್ಲು ಬಾತ್ಕತ್ತದೆ.’

ಅಧಿಕಾರ ಎಂದರೆ ಬರೀ ಗದರುವುದಲ್ಲ, ಕರುಣೆಯೂ ಬೇಕು. ರವೀಂದ್ರ ಗಂಟಲು ಸರಿಮಾಡಿಕೊಂಡು ಹೇಳಿದ: ‘ಮಾನವೀಯತೆಯ ದೃಷ್ಟಿಯಿಂದ, ಕೊಟ್ಟಿಗೆಯವರೆಗೆ ಹೋಗಲು ಅನುಮತಿ ನೀಡಲಾಗಿದೆ.’

ಅವನು ಹತ್ತು ವರ್ಷದಿಂದ ತನ್ನ ಮನೆಯ ಕೊಟ್ಟಿಗೆಗೆ ಕಾಲಿಟ್ಟವನಲ್ಲ. ಅವ್ವ ದೊಡ್ಡತಾಯಮ್ಮ ಎರಡು ಹಸು ಸಾಕಿ ಅವನ ಅಂಗಡಿಯ ಬಾಡಿಗೆ ಕಟ್ಟುತ್ತಿದ್ದಳು ನಿಜ, ಆದರೆ ಸಗಣಿ ವಾಸನೆ ಅವನ ಗಂಟಲಿಗೆ ಆಗುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ, ಪಾಂಡವಪುರದಾಚೆ ಹುಣಸೇಮರದಡಿ ಬೈಕು ನಿಲ್ಲಿಸಿ ಇನ್ನೊಮ್ಮೆ ಫೋನು ಮಾಡಿದ. ಬೇಟೆ ಬೆದರಿಯೇ ಇದೆಯೇ ಎಂದು ನೋಡುವುದು ಕ್ರಮ.

‘ಸ್ವಾಮಿ, ಕಾಯ್ತಾನೇ ಇದ್ದೆ,’ ಎಂದಳು ಯಶೋದಮ್ಮ. ‘ನಾನೂ ಅರೆಸ್ಟು, ಸೊಸೇನೂ ಅರೆಸ್ಟು, ಸರಿ. ಚಿನ್ನೂನೂ ಅರೆಸ್ಟಾ?’

ಮೊಮ್ಮಗಳಿರಬೇಕು. ಸೂಕ್ಷ್ಮ ಜಾಗ ತಾನಾಗಿಯೇ ಕೈಗೆ ಸಿಕ್ಕಿತ್ತು. ‘ಖಂಡಿತ. ಅಗತ್ಯ ಬಿದ್ದರೆ ಚಿನ್ನುವನ್ನೂ ವಿಚಾರಣೆಗೆ ಎಳೆದುಕೊಂಡು ಬರುತ್ತೇವೆ.’

‘ಅಯ್ಯೋ, ಎಳುದ್ರೆ ಬರಾಕಿಲ್ಲ ಸ್ವಾಮಿ ಅವ್ಳು, ಒದೀತಾಳೆ.’

ಹಿಂದೆ ಯಾರೋ ಕೆಮ್ಮಿದರು. ಒಬ್ಬರಲ್ಲ, ಇಬ್ಬರು ಮೂವರು. ಮನೆಮಂದಿಯೆಲ್ಲ ಅಳುತ್ತಿದ್ದಾರೆಂದು ರವೀಂದ್ರನಿಗೆ ಖಾತ್ರಿಯಾಯಿತು. ‘ಹನ್ನೊಂದು ಗಂಟೆ,’ ಎಂದು ಹೇಳಿ ಫೋನು ಕಡಿದ. ಸಿಮ್ಮನ್ನು ಎರಡು ತುಂಡು ಮಾಡಿ ನಾಲೆಗೆ ಎಸೆದ. ಅಂಗಡಿ ತೆರೆದು ಊದುಬತ್ತಿ ಹಚ್ಚಿದ.

ಸರಿಯಾಗಿ ಹನ್ನೊಂದಕ್ಕೆ ಯಶೋದಮ್ಮ ಬಂದಳು. ಬ್ಯಾಂಕಿಗಲ್ಲ, ಅಂಗಡಿಗೆ. ಜೊತೆಗೆ ಸಹನ. ಅವರ ಹಿಂದೆ ರಬ್ಬರ್ ಬೂಟಿನವನು, ಕೈಯಲ್ಲಿ ಹದಿನಾಲ್ಕು ಹಾಳೆಯ ಬಿಲ್ಲು. ಅವನ ಹಿಂದೆ ಮುದ್ದಯ್ಯ.

‘ಲೇ ಜೆರಾಕ್ಸು,’ ಎಂದ ಮುದ್ದಯ್ಯ ಇಲಿಮರಿ ದನಿಯಲ್ಲಿ. ‘ಇದು ಎಲ್ಡು ಕಾಪಿ ತಗಿಲಾ. ಬಣ್ಣುದ್ದು.’

‘ಏನದು?’

‘ಆರೋಪಿ ಫೋಟೊ ಕಣ್ಲಾ. ನೀನೇ ನೆನ್ನೆ ಅರೆಸ್ಟ್ ಮಾಡ್ದಲ್ಲ.’

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಷ್ಟು ಹೊತ್ತು ರವೀಂದ್ರ, ರವೀಂದ್ರ ಎಂದು ಯಾರನ್ನೋ ಹೊಗಳಿದೆನಲ್ಲ, ಆ ಶೂರ ನಾನೇ. ನನ್ನ ಗಂಟಲಿಗೆ ಕಟ್ಟೆಯ ನೀರು ಹಿಂದೆ ಸರಿದದ್ದೂ ಸುಳ್ಳು, ಕೋತಿಗಳು ಎದ್ದು ನಿಂತದ್ದೂ ಸುಳ್ಳು. ಅವು ನನ್ನ ಬಾಳೆಹಣ್ಣು ಕಿತ್ತುಕೊಂಡು ಹೋದವು. ಗಾಜಿನ ಮೇಲೆ ಮುದ್ದಯ್ಯ ಇಟ್ಟ ಚಿತ್ರದಲ್ಲಿ ಒಂದು ಹಸುವಿನ ಕಿವಿ ಇತ್ತು. ಕಿವಿಯಲ್ಲಿ ಹಳದಿ ಬಿಲ್ಲೆ. ಬಿಲ್ಲೆಯ ಮೇಲೆ ಹನ್ನೆರಡು ಅಂಕಿ, ಕೊನೆಗೆ ನಾಲ್ಕು, ಸೊನ್ನೆ, ಏಳು, ಮೂರು. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಬೂಟಿನವನು ಚುಚ್ಚಿದ್ದ ಬಿಲ್ಲೆ ಅದು. ನಾನು ಬೇಡವೆಂದು ಬಿಟ್ಟ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲೇ ಇತ್ತಂತೆ, ‘ಜಾನುವಾರುಗಳ ಕಿವಿ ಬಿಲ್ಲೆ ಸಂಖ್ಯೆ’ ಎಂದು. ನಾನೇ ಅನುಮತಿ ಕೊಟ್ಟು ಕಳಿಸಿದ ಕೊಟ್ಟಿಗೆಯಲ್ಲಿ, ಹಾಲು ಕರೆಯಲು ಕೂತ ಸಹನಳ ಕಣ್ಣಿಗೆ ಚಿನ್ನು ಎಂಬ ಆ ಹಸು ಕಿವಿ ಒದರಿದ್ದು ಬಿದ್ದಿದೆ. ಬರೆದುಕೊಂಡಿದ್ದ ಚೀಟಿ ತೆಗೆದು ನೋಡಿದ್ದಾಳೆ. ಆಸ್ಪತ್ರೆ ಕಾಗದಕ್ಕೆ ನಾನೇ ಸುತ್ತಿಕೊಟ್ಟ ಹಾಳೆಯಲ್ಲಿ 1930 ಇತ್ತು, ಅದಕ್ಕೆ ಕರೆ ಮಾಡಿದ್ದಾಳೆ. ಬೂಟಿನವನ ಪಟ್ಟಿ ಅವನ ಕೈ ಬಿಟ್ಟು ಹೋದದ್ದು ನನ್ನ ಅಂಗಡಿಗೊಂದೇ, ಹನ್ನೆರಡು ಹಾಳೆಗೆ ಹದಿನಾಲ್ಕರ ಬಿಲ್ಲು ಬರೆದುಕೊಟ್ಟವನೂ ನಾನೇ. ದೇವಯ್ಯನ ಮಂಡಿ ದುಡ್ಡು ಬ್ಯಾಂಕಿನಲ್ಲಿ ಹಾಗೇ ಇದೆ, ಬರುವ ತಿಂಗಳು ಆಪರೇಷನ್ನು. ನಮ್ಮವ್ವನ ಎರಡು ಹಸುವಿನ ಕಿವಿಯಲ್ಲೂ ಇಂಥದೇ ಬಿಲ್ಲೆ ಇದೆಯೆಂದು ಅವಳು ಸ್ಟೇಷನ್ನಿಗೆ ಬಂದಾಗ ಅಳುತ್ತಾ ಹೇಳಿದಳು. ನಿಜವಾದ ಪೊಲೀಸರು ಫೋನು ಮಾಡಲಿಲ್ಲ, ಹಣ ಕೇಳಲಿಲ್ಲ. ಎದುರಿಗೆ ಬಂದು ಹೆಸರು ಹೇಳಿ ಕರೆದುಕೊಂಡು ಹೋದರು. ಆ ದಿನ ಮುದ್ದಯ್ಯ ಮೊದಲ ಸಲ ನನ್ನನ್ನು ರವೀಂದ್ರ ಎಂದು ಕರೆದ, ಕಾಗದದಲ್ಲಿ ಬರೆಯಬೇಕಿತ್ತಲ್ಲ, ಅದಕ್ಕೆ. ಅಂಗಡಿಗೆ ಬೀಗ ಹಾಕುವ ಮುಂಚೆ ಚಿನ್ನುವಿನ ಚಿತ್ರ ಎರಡು ಪ್ರತಿ ನಾನೇ ತೆಗೆದುಕೊಟ್ಟೆ. ಕಾಸು ಕೇಳಲಿಲ್ಲ.