ಕೆಂಪು ಚುಕ್ಕೆಯ ಬಾಲು

"ವಾಪಸ್ ಎಸೀ! ವಾಪಸ್ ಎಸೀ! ವಾಪಸ್ ಎಸೀ!"

ಟಿಲ್ಲಿಯ ಸುತ್ತ ಇನ್ನೂರು ಜನ ಎದ್ದು ನಿಂತು ಕೂಗುತ್ತಿದ್ದರು. ಕಾಲಡಿಯ ಹಲಗೆಗಳು ದಡದಡ ಅದುರುತ್ತಿದ್ದವು. ಟಿಲ್ಲಿಯ ಮಡಿಲಲ್ಲಿ ಒಂದು ಬಿಳೀ ಬೇಸ್‌ಬಾಲ್ ಕೂತಿತ್ತು. ಅರ್ಧ ನಿಮಿಷದ ಹಿಂದೆ ಅದು ಬ್ಯಾಟಿಗೆ ಟಕ್ಕೆಂದು ಬಡಿದು, ಮೈದಾನವನ್ನೆಲ್ಲ ದಾಟಿ, ಗೋಡೆಯನ್ನೂ ದಾಟಿ, ಮುಂದಿನ ಬೆಂಚಿಗೆ ಗುದ್ದಿ, ಪುಟಿದು ಬಂದು ಅವಳ ಮಡಿಲಿಗೆ ಬಿದ್ದಿತ್ತು. ಅವಳು ಬಾಲನ್ನು ಹಿಡಿದಳು ಅನ್ನುವುದಕ್ಕಿಂತ ಬಾಲೇ ಅವಳನ್ನು ಹಿಡಿದಿತ್ತು ಅನ್ನಬೇಕು.

ಹೋಮ್ ರನ್, ಅಂದರೆ ಬೇಸ್‌ಬಾಲಿನ ಸಿಕ್ಸರ್! ಆದರೆ ಹೊಡೆದವನು ಎದುರಾಳಿ. ಅದೇ ತೊಂದರೆ.

ಟಿಲ್ಲಿಯ ತಾತನ ಊರಿನ ತಂಡದ ಹೆಸರು ಕೊಕ್ಕರೆಗಳು. ಎದುರು ಆಡುತ್ತಿದ್ದದ್ದು ನದಿಯಾಚೆಯ ಊರಿನ ಮುಳ್ಳುಹಂದಿಗಳು. ಮುಳ್ಳುಹಂದಿಗಳು ಹೊಡೆದ ಹೋಮ್ ರನ್ ಬಾಲು ಕೈಗೆ ಸಿಕ್ಕಿದರೆ ಈ ಊರಿನವರು ಮನೆಗೆ ಒಯ್ಯುವುದಿಲ್ಲ. "ನಿಮ್ಮ ಬಾಲು ನಿಮಗೇ ಇರಲಿ" ಎಂದು ಮೈದಾನಕ್ಕೆ ಬಿಸಾಡುತ್ತಾರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೂ ಎಸೆಯದವರ ಗತಿ ನಾಯಿಪಾಡು.

"ಏನ್ ಪಾಪು, ಯೋಚ್ನೆ ಮಾಡ್ತಿದೀಯಾ? ಎಸೀ ಮತ್ತೆ!" ಹಿಂದಿನ ಸಾಲಿನ ದಪ್ಪ ಮಾಮ ಗುಡುಗಿದರು. ಅವರ ಅಂಗಿಯ ಮೇಲೆ ಹಾಟ್ ಡಾಗಿನ ಸಾಸಿವೆ ಗೊಜ್ಜು ಸುರಿದು ಹಳದಿ ಪಟ್ಟೆಯಾಗಿತ್ತು.

ಟಿಲ್ಲಿ ಶೂ ಲೇಸ್ ಕಟ್ಟುವವಳಂತೆ ಬಗ್ಗಿದಳು. ಕಾಲ ಬಳಿ ಇದ್ದ ಬ್ಯಾಗಿನೊಳಗೆ ಕೈ ಹಾಕಿದಳು. ಬಿಳೀ ಬಾಲು ಒಳಗೆ ಹೋಯಿತು, ಇನ್ನೊಂದು ಬಾಲು ಹೊರಗೆ ಬಂತು. ಎದ್ದವಳೇ ತೋಳು ಬೀಸಿ ಎಸೆದಳು. ಬಾಲು ಗೋಡೆ ದಾಟಿ ಹಸಿರು ಹುಲ್ಲಿನ ಮೇಲೆ ಬಿದ್ದು ಉರುಳಿತು.

"ಹೋ...!" ಎಂದು ಜನ ಕುಣಿದರು. ಸಾಸಿವೆ ಮಾಮ ಟಿಲ್ಲಿಯ ತಲೆ ಸವರಿ, "ಭಲೇ! ನೀನು ನಮ್ಮೂರ ಹುಡುಗಿ ಕಣೇ!" ಎಂದರು.

ಟಿಲ್ಲಿಗೆ ನಗು ತಡೆಯಲಾಗಲಿಲ್ಲ. ಈ ಉಪಾಯ ಹೇಳಿಕೊಟ್ಟದ್ದು ಚಿಕ್ಕಪ್ಪನ ಮಗ ಡ್ವೇನ್. "ಬ್ಯಾಗಲ್ಲಿ ಒಂದು ಹಳೇ ಬಾಲ್ ಇಟ್ಕೊಂಡ್ ಹೋಗು. ಹೋಮ್ ರನ್ ಸಿಕ್ಕಿದ್ರೆ ಹಳೇದು ಎಸೀ, ಹೊಸದು ಇಟ್ಕೋ. ಯಾವ ನನ್ಮಗನಿಗೂ ಗೊತ್ತಾಗಲ್ಲ," ಎಂದಿದ್ದ.

ಅವಳು ಬಾಲನ್ನು ತನಗಾಗಿ ಇಟ್ಟುಕೊಂಡಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಅವಳ ತಾತ ನಲವತ್ತು ವರ್ಷದಿಂದ ಇದೇ ಬೆಂಚಿಗೆ ಬರುತ್ತಿದ್ದಾರೆ. ಹಾರಿ ಬಂದ ಬಾಲು ಹಿಡಿಯಲೆಂದು ಪ್ರತಿ ಸಲವೂ ಚರ್ಮದ ಗ್ಲೌಸ್ ತರುತ್ತಾರೆ. ಇಷ್ಟು ವರ್ಷದಲ್ಲಿ ಅವರಿಗೆ ಒಂದು ಬಾಲೂ ಸಿಕ್ಕಿಲ್ಲ. ಮೊದಲು ಪಕ್ಕದಲ್ಲಿ ಅಜ್ಜಿ ಇರುತ್ತಿದ್ದರು. ಬಾಲು ಮೇಲೆ ಹಾರಿದಾಗಲೆಲ್ಲ ಇಬ್ಬರೂ ಎಳೆಯರ ಹಾಗೆ ಎದ್ದು ನಿಲ್ಲುತ್ತಿದ್ದರಂತೆ. ಹೋದ ವರ್ಷ ಅಜ್ಜಿ ತೀರಿಕೊಂಡರು. ಈ ಬೇಸಿಗೆ ರಜೆಯಲ್ಲಿ ಟಿಲ್ಲಿ ಬಂದು ನೋಡಿದರೆ, ತಾತ ಗ್ಲೌಸ್ ತರುತ್ತಿದ್ದರು, ಆದರೆ ಕೈಗೆ ಹಾಕುತ್ತಿರಲಿಲ್ಲ. ಮಡಿಲಲ್ಲಿ ಅಂಗಾತ ಇಟ್ಟು, ಅದರ ತುಂಬ ಹುರಿದ ಕಡಲೆಕಾಯಿ ಸುರಿದುಕೊಂಡು, ಒಂದೊಂದೇ ಸುಲಿದು ತಿನ್ನುತ್ತಿದ್ದರು. ಇವತ್ತು ಹೋಮ್ ರನ್ ತಲೆಯ ಮೇಲೇ ಬಂದರೂ ಅವರು ಎದ್ದಿರಲಿಲ್ಲ.

"ತಾತಾ, ಇಲ್ ನೋಡು!" ಟಿಲ್ಲಿ ಬ್ಯಾಗಿನ ಬಾಯಿ ತೆರೆದು ಪಿಸುಗುಟ್ಟಿದಳು. "ಹೋಮ್ ರನ್ ಬಾಲ್! ನಿಂಗೇ ಅಂತ ಇಟ್ಕೊಂಡೆ. ನಾನು ಎಸೆದಿದ್ದು ಹಳೇದು."

ತಾತ ಬಗ್ಗಿ ನೋಡಿದರು. ಅವರ ಚಿನ್ನದ ಹಲ್ಲು ಫಳ್ಳೆಂದಿತು. "ಅರೆರೆ, ಕಳ್ಳಿ! ಹಳೇದು ಎಲ್ಲಿತ್ತೇ ನಿಂಗೆ?"

"ಗ್ಯಾರೇಜಲ್ಲಿ. ಬಕೆಟ್ ತುಂಬ ಇದ್ವಲ್ಲ. ಇರೋದ್ರಲ್ಲೇ ತುಂಬಾ ಹಳೇದು ಆರಿಸ್ಕೊಂಡೆ. ಕೊಳಕಾಗಿತ್ತು, ಕಂದು ಬಣ್ಣ, ಒಂದ್ ಕಡೆ ಕೆಂಪು ಚುಕ್ಕೆ..."

ತಾತನ ಮುಖದಲ್ಲಿ ನಗು ಇದ್ದ ಹಾಗೇ ನಿಂತುಹೋಯಿತು.

"ಕೆಂಪು ಚುಕ್ಕೆ?"

"ಹೂಂ. ನೈಲ್ ಪಾಲಿಶ್ ಥರ."

ತಾತ ಬಾಯಿ ತೆರೆದರು, ಮುಚ್ಚಿದರು. ಮಡಿಲಿನ ಗ್ಲೌಸ್ ವಾಲಿ ನಾಲ್ಕು ಕಡಲೆಕಾಯಿ ಕೆಳಗೆ ಉರುಳಿದವು. ಟಿಲ್ಲಿ ಅವರ ಮುಖವನ್ನೇ ನೋಡಿದಳು. ದೊಡ್ಡವರು ಬೈದರೆ ಹೇಗೋ ತಡೆದುಕೊಳ್ಳಬಹುದು, ಹೀಗೆ ಸುಮ್ಮನಾದರೆ ಏನು ಮಾಡುವುದು?

"ತಾತಾ? ಏನಾಯ್ತು?"

ತಾತ ಬೆರಳಿನಿಂದ ತಮ್ಮ ಚಿನ್ನದ ಹಲ್ಲು ಮುಟ್ಟಿಕೊಂಡರು. "ಈ ಹಲ್ಲಿನ ಕತೆ ಗೊತ್ತಲ್ಲ ನಿಂಗೆ?"

ಮನೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ! ಅಜ್ಜಿಗೆ ಹನ್ನೆರಡು ವರ್ಷವಾಗಿದ್ದಾಗ ಅವರು ಹೊಡೆದ ಬಾಲು, ಸೈಕಲ್ ಮೇಲೆ ಹೋಗುತ್ತಿದ್ದ ತಾತನ ಬಾಯಿಗೆ ಬಡಿದು ಮುಂದಿನ ಹಲ್ಲು ಹಾರಿಹೋಗಿತ್ತು. ಇಬ್ಬರ ಪರಿಚಯ ಶುರುವಾದದ್ದೇ ಹಾಗೆ.

"ಆ ಬಾಲಾ?" ಟಿಲ್ಲಿ ಕೇಳಿದಳು.

"ಅದೇ ಬಾಲು. ಅಣ್ಣಂದಿರು ಕದೀಬಾರ್ದು ಅಂತ ನಿಮ್ಮಜ್ಜಿ ಗುರುತು ಹಾಕಿದ್ಲು. ಹೊಲಿಗೆ ಬಿಚ್ಚಿದಾಗೆಲ್ಲ ಅವಳೇ ಹೊಲಿತಿದ್ಲು. ಪ್ರತಿ ಭಾನುವಾರ ಸಂಜೆ ಅದ್ರಲ್ಲೇ ಕ್ಯಾಚ್ ಆಡ್ತಿದ್ವಿ."

"ಮತ್ತೆ ಅದನ್ನ ಬಕೆಟಲ್ಲಿ ಯಾಕೆ ಇಟ್ಟಿದ್ದೆ ತಾತಾ? ಶೋಕೇಸಲ್ಲಿ ಇಡಬೇಕಿತ್ತು!" ಟಿಲ್ಲಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಅವಳು ಬಿಡ್ತಿರಲಿಲ್ಲ. ಬಾಲು ಇರೋದು ಆಡೋದಕ್ಕೆ, ಪೂಜೆ ಮಾಡೋದಕ್ಕಲ್ಲ ಅಂತಿದ್ಲು."

ತಾತ ಮುಖ ಆ ಕಡೆ ತಿರುಗಿಸಿಕೊಂಡರು. ಟಿಲ್ಲಿ ಮೈದಾನದತ್ತ ನೋಡಿದಳು. ಕೊಕ್ಕರೆ ತಂಡದ ಫೀಲ್ಡರ್ ಒಬ್ಬ ಆ ಕಂದು ಬಾಲನ್ನು ಎತ್ತಿ, ತಿರುಗಿಸಿ ನೋಡಿ, ನಗುತ್ತ ಪಕ್ಕದ ಸ್ಟ್ಯಾಂಡಿನ ಕಡೆ ಮೇಲಕ್ಕೆ ಎಸೆದ. ಹಳದಿ ಕಂಬದ ಹತ್ತಿರ, ಹಸಿರು ಟೋಪಿಯ ಪುಟ್ಟ ಹುಡುಗನೊಬ್ಬ ಅದನ್ನು ಎದೆಗೆ ಅವಚಿಕೊಂಡ.

"ನಾನು ತರ್ತೀನಿ!" ಎಂದವಳೇ ಟಿಲ್ಲಿ ಬ್ಯಾಗು ಹಿಡಿದು ಓಡಿದಳು.

ಮೆಟ್ಟಿಲಿಳಿದು, ಹಾಟ್ ಡಾಗಿನ ಉದ್ದನೆಯ ಕ್ಯೂ ದಾಟಿ, ಮತ್ತೆ ಮೆಟ್ಟಿಲು ಹತ್ತಿ ಹಳದಿ ಕಂಬದ ಬಳಿ ಬರುವಷ್ಟರಲ್ಲಿ ಅವಳಿಗೆ ಏದುಸಿರು. ಹುಡುಗ ಅಮ್ಮನ ಪಕ್ಕ ಕೂತಿದ್ದ. ಆರು ವರ್ಷವಿರಬಹುದು. ಟೋಪಿಯ ಮೇಲೆ ಮುಳ್ಳುಹಂದಿಯ ಚಿತ್ರ. ಬಾಲಿಗೆ ಮುತ್ತಿನ ಮೇಲೆ ಮುತ್ತು ಕೊಡುತ್ತಿದ್ದ.

"ಹಾಯ್. ಆ ಬಾಲು ಹಳೇದಲ್ವಾ? ನನ್ನತ್ರ ಹೊಸದಿದೆ, ಬದಲಾಯಿಸ್ಕೊಳ್ಳೋಣ್ವಾ?" ಟಿಲ್ಲಿ ಆದಷ್ಟು ಸಿಹಿಯಾಗಿ ಕೇಳಿದಳು.

ಹುಡುಗ ಅವಳ ಬಿಳೀ ಬಾಲನ್ನು ನೋಡಿ ಮೂಗು ಮುರಿದ. "ನಿಂದು ಅಂಗಡಿ ಬಾಲು. ನಂದು ಹೋಮ್ ರನ್ ಬಾಲು! ಆಟಗಾರನೇ ನನಗೆ ಕೊಟ್ಟ. ನೋಡು, ಹೊಡೆದ ಏಟಿಗೆ ಹೇಗೆ ಕಂದು ಬಣ್ಣ ಬಂದಿದೆ!"

"ಎಜ್ರಾ, ಹಾಗೆಲ್ಲ ಮಾತಾಡ್ಬಾರ್ದು," ಅಮ್ಮ ಗದರಿದರು. "ಸಾರಿ ಪುಟ್ಟಾ. ಅವನು ಹುಟ್ಟಿದಾಗಿಂದ ಇಂಥ ಬಾಲಿಗೇ ಕಾಯ್ತಿದ್ದ ಅನ್ನೋ ಹಾಗೆ ಆಡ್ತಾನೆ."

ಟಿಲ್ಲಿ ಅತ್ತಿತ್ತ ನೋಡಿದಳು. ಸುತ್ತ ಕೂತವರೆಲ್ಲ ಅವಳತ್ತಲೇ ಕಿವಿಯಾಗಿದ್ದರು. ಅರ್ಧಕ್ಕರ್ಧ ಕೊಕ್ಕರೆ ತಂಡದ ಕಡೆಯವರೇ. ಈಗಷ್ಟೇ ಅವಳಿಗೆ ಚಪ್ಪಾಳೆ ಹೊಡೆದವರು. ನಿಜ ಹೇಳಿದರೆ ಮರ್ಯಾದೆ ಮೂರು ಕಾಸಿಗೆ. ಹೇಳದಿದ್ದರೆ ಅಜ್ಜಿಯ ಬಾಲು ನದಿಯಾಚೆ ಹೊರಟುಹೋಗುತ್ತದೆ.

"ಹೋಮ್ ರನ್ ಬಾಲು ಇದು," ಎಂದಳು. ದನಿ ಸಣ್ಣಗಿತ್ತು. "ಅದಲ್ಲ. ಎಸೆದವಳು ನಾನೇ. ಇದನ್ನ ಬಚ್ಚಿಟ್ಕೊಂಡು ಅದನ್ನ ಎಸೆದೆ. ನಾನು ಮೋಸ ಮಾಡಿದೆ."

"ಏನಂದೆ?" ಎಂದು ಒಬ್ಬರು. "ಅಯ್ಯೋ, ನಾವು ಎದ್ದು ನಿಂತು ಚಪ್ಪಾಳೆ ಹೊಡೆದ್ವಲ್ಲೇ!" ಎಂದು ಇನ್ನೊಬ್ಬರು. ಯಾರೋ "ಬೂ..." ಎಂದರು. ನೋಡನೋಡುತ್ತ ಮೂರು ಸಾಲು ಬೂಗುಟ್ಟಿತು. ಅಷ್ಟು ಜನ ಒಟ್ಟಿಗೆ ತನ್ನನ್ನು ಬೈಯುವುದನ್ನು ಟಿಲ್ಲಿ ಯಾವತ್ತೂ ಕೇಳಿರಲಿಲ್ಲ. ಕಿವಿ ಸುಟ್ಟಂತಾಯಿತು. ಆದರೂ ನಿಂತೇ ಇದ್ದಳು.

ಎಜ್ರಾನ ಅಮ್ಮ ಬಿಳೀ ಬಾಲು ತೆಗೆದುಕೊಂಡು ತಿರುಗಿಸಿ ನೋಡಿದರು. ಅದರ ಮೇಲೆ ಲೀಗಿನ ಮುದ್ರೆ ಇತ್ತು. ಬೆಂಚಿಗೆ ಗುದ್ದಿದ ಕಡೆ ನೀಲಿ ಬಣ್ಣ ಅಂಟಿತ್ತು.

"ಇದೇ ಕಣೋ ಎಜ್ರಾ," ಎಂದರು.

ಎಜ್ರಾನ ಕೆಳತುಟಿ ಅದುರಿತು. ತನ್ನ ಕೈಯಲ್ಲಿದ್ದ ಕಂದು ಬಾಲನ್ನು ದಿಟ್ಟಿಸಿದ. "ಹಾಗಾದ್ರೆ ಇದನ್ನ ಯಾರು ಹೊಡೆದಿದ್ದು?"

"ನಮ್ಮಜ್ಜಿ."

"ದೂರ ಹೊಡೆದ್ರಾ?"

"ನಮ್ ತಾತನ ಹಲ್ಲಿನ ತನಕ."

ಎಜ್ರಾ ಕಣ್ಣರಳಿಸಿದ. "ಹಲ್ಲು ಬಿತ್ತಾ?"

"ಬಿತ್ತು. ಈಗ ಅಲ್ಲಿ ಚಿನ್ನದ್ದಿದೆ."

ಎಜ್ರಾ ಬಾಲನ್ನು ಮೂಗಿನ ಹತ್ತಿರ ತಂದು ನೋಡಿದ. ಹಾಗೆ ನೋಡಿದರೆ ಹೋಮ್ ರನ್ ಬಾಲಿಗಿಂತ ಹಲ್ಲು ಬೀಳಿಸಿದ ಬಾಲೇ ಮೇಲು ಎಂದು ಅವನಿಗೆ ಅನ್ನಿಸಿರಬೇಕು. ಕೊಡುವ ಮುಂಚೆ ಅದಕ್ಕೆ ಇನ್ನೊಂದು ಮುತ್ತು ಕೊಟ್ಟ.

ಟಿಲ್ಲಿ ತಿರುಗಿ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಸಾಸಿವೆ ಮಾಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಬಂದ್ಲು ನೋಡ್ರಪ್ಪಾ! ನನ್ನ ಕೈಯಲ್ಲಿ ಭಲೇ ಅನ್ನಿಸ್ಕೊಂಡ್ಯಲ್ಲೇ, ಎಷ್ಟು ಧೈರ್ಯ ನಿಂಗೆ!"

ಟಿಲ್ಲಿ ಬಾಲನ್ನು ತಾತನ ಅಂಗೈಯಲ್ಲಿಟ್ಟಳು. "ಸಾರಿ ತಾತಾ," ಎಂದಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ತಾತ ಕೆಂಪು ಚುಕ್ಕೆಯನ್ನು ಹೆಬ್ಬೆರಳಿನಿಂದ ಸವರಿದರು. ಬಾಲನ್ನು ಹೊರಳಿಸಿದರು. ಅಲ್ಲಿ ಅವರ ಬೆರಳು ನಿಂತಿತು. ಹೊಲಿಗೆಯ ಉದ್ದಕ್ಕೂ ಹೊಸ ಹಸಿರು ಕಲೆ ಇತ್ತು.

ಟಿಲ್ಲಿ ಗಾಬರಿಯಾದಳು. "ಹುಲ್ಲಿನ ಕಲೆ ತಾತಾ. ಮನೆಗೆ ಹೋದ ತಕ್ಷಣ ತೊಳೆದುಕೊಡ್ತೀನಿ."

"ತೊಳಿತೀಯಾ? ಮುಟ್ಟಿದ್ರೆ ನೋಡು!" ತಾತ ಬಾಲನ್ನು ಎದೆಗೆ ಒತ್ತಿಕೊಂಡರು. ಅವರ ದನಿ ಏರಿದ್ದು ಕೇಳಿ ಸಾಸಿವೆ ಮಾಮನೂ ಬೆಚ್ಚಿದರು.

ತಾತ ಗೋಡೆಯತ್ತ ಕೈ ತೋರಿಸಿದರು. "ಆಗ ಈ ಗೋಡೆ ಆಚೆ ಖಾಲಿ ಜಾಗ ಇತ್ತು. ನಿಮ್ಮಜ್ಜಿ ಅಲ್ಲಿ ಆಡ್ತಿದ್ಲು. ಒಳಗೆ ಹುಡುಗರ ತಂಡ ಆಡ್ತಿತ್ತು. ಅವರೆಲ್ಲರಿಗಿಂತ ಇವಳೇ ಜೋರು. ಮೂರು ಸಲ ಬಂದು ಕೇಳಿದ್ಲು. ಹುಡುಗೀರಿಗೆ ಹುಲ್ಲಿನ ಮೇಲೆ ಜಾಗ ಇಲ್ಲ ಅಂತ ಮೂರು ಸಲವೂ ಓಡಿಸಿದ್ರು."

"ಯಾರು?"

"ಯಾರಾದ್ರೇನು, ಆಗ ಎಲ್ಲರೂ ಹಾಗೇ ಇದ್ರು. ಆಮೇಲೆ ನಲವತ್ತು ವರ್ಷ ಟಿಕೆಟ್ ತಗೊಂಡು ಇಲ್ಲೇ ಕೂತು ನೋಡಿದ್ಲು. ಆ ಹುಲ್ಲು ಮಾತ್ರ ಮುಟ್ಟಲಿಲ್ಲ." ತಾತ ಹಸಿರು ಕಲೆಯನ್ನೇ ನೋಡುತ್ತಿದ್ದರು. "ಇವತ್ತು ಅವಳ ಬಾಲು ಅಲ್ಲಿ ಬಿತ್ತು. ಕೊಕ್ಕರೆ ತಂಡದವನೇ ಎತ್ತಿ ಎಸೆದ. ಮ್ಯಾಚ್ ನಡೀತಿರೋವಾಗ್ಲೇ!"

ತಾತ ನಗುತ್ತಿದ್ದಾರೋ ಅಳುತ್ತಿದ್ದಾರೋ ಟಿಲ್ಲಿಗೆ ತಿಳಿಯಲಿಲ್ಲ. ಚಿನ್ನದ ಹಲ್ಲಂತೂ ಹೊಳೆಯುತ್ತಿತ್ತು, ಗಲ್ಲವೂ ಒದ್ದೆಯಾಗಿತ್ತು. ಮುದುಕರು ಹೀಗೂ ಇರುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸಾಸಿವೆ ಮಾಮ ಸೊಂಟದಿಂದ ಕೈ ತೆಗೆದು ಮೆಲ್ಲಗೆ ಕೂತರು. "ಎಸೆದದ್ದು ಮಾತ್ರ ಚೆನ್ನಾಗಿತ್ತು ಬಿಡು," ಎಂದು ಗೊಣಗಿದರು.

ಅಷ್ಟರಲ್ಲಿ ಮೈದಾನದಲ್ಲಿ ಟಕ್ಕೆಂದು ಸದ್ದಾಯಿತು. ಈ ಸಲ ಹೊಡೆದವನು ಕೊಕ್ಕರೆ. ಬಾಲು ಮೇಲಕ್ಕೆ, ಇನ್ನೂ ಮೇಲಕ್ಕೆ ಹಾರಿತು. ಎಲ್ಲರೂ ಉಸಿರು ಬಿಗಿಹಿಡಿದು ಕತ್ತೆತ್ತಿದರು.

ಪಕ್ಕದಲ್ಲಿ ಜರಜರ ಎಂದು ಕಡಲೆಕಾಯಿ ಸುರಿದ ಸದ್ದು ಕೇಳಿತು. ಟಿಲ್ಲಿ ತಿರುಗಿ ನೋಡಿ ಬೆರಗಾದಳು. ತಾತ ಎದ್ದು ನಿಂತಿದ್ದರು! ಅಜ್ಜಿಯ ಬಾಲು ಅಂಗಿಯ ಜೇಬಿನಲ್ಲಿತ್ತು, ಗ್ಲೌಸ್ ಎಡಗೈಯಲ್ಲಿತ್ತು. ಆ ಕೈಯನ್ನು ಆಕಾಶಕ್ಕೆ ಚಾಚಿ, ಸರಿಯಿಲ್ಲದ ಮಂಡಿಯ ಮೇಲೆ ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಇಡುತ್ತ, "ನಂದು, ನಂದು, ನಂದು!" ಎನ್ನುತ್ತಿದ್ದರು.

ಟಿಲ್ಲಿಯೂ ಎದ್ದು ನಿಂತು ಎರಡೂ ಕೈ ಚಾಚಿದಳು. ಬಾಲು ಇನ್ನೂ ಬರುತ್ತಲೇ ಇತ್ತು, ಇನ್ನೂರು ಕೈಗಳು ಮೇಲಿದ್ದವು, ಅದು ಯಾರದ್ದು ಬೇಕಾದರೂ ಆಗಬಹುದಿತ್ತು.

ಬಾಲು ಅವರಿಂದ ಮೂವತ್ತು ಅಡಿ ದೂರ ಬಿತ್ತು.

"ಛೇ! ಕೂದಲೆಳೆಯಲ್ಲಿ ತಪ್ಪಿಹೋಯ್ತು!" ಎಂದರು ತಾತ. ಮುಖ ಹಬ್ಬದ ಹಾಗಿತ್ತು.

"ಕೂದಲೆಳೆಯಲ್ಲೇ ತಾತಾ," ಎಂದಳು ಟಿಲ್ಲಿ.

ತಾತ ಕೂತರು. ಗ್ಲೌಸ್ ಬಿಚ್ಚಲಿಲ್ಲ. ಟಿಲ್ಲಿ ಬಗ್ಗಿ, ಹಲಗೆಯ ಮೇಲೆ ಚೆಲ್ಲಿದ್ದ ಕಡಲೆಕಾಯಿಗಳನ್ನು ಒಂದೊಂದಾಗಿ ಆರಿಸಿದಳು. ತನ್ನ ಟೋಪಿ ತೆಗೆದು ಎಲ್ಲವನ್ನೂ ಅದರೊಳಗೆ ಹಾಕಿ, ತಾತನ ಬಲಗೈಗೆ ಎಟಕುವ ಹಾಗೆ ಇಬ್ಬರ ನಡುವೆ ಇಟ್ಟಳು.