ಲೇಬಲ್ ಇಲ್ಲದ ಡಬ್ಬ

"ಇದನ್ನ ನಿಮ್ಮ ಮನೆಯವರಿಗೆ ಕುಡಿಸ್ತೀರಾ? ಹೌದು, ಇಲ್ಲ... ಎರಡರಲ್ಲಿ ಒಂದು ಹೇಳಿ ಸಾಕು."

ಅವಳು ಡಬ್ಬವನ್ನು ಎತ್ತಿ ಹಿಡಿದು ಕೇಳಿದಾಗ, ಗ್ರಂಥಾಲಯದ ಸಭಾಂಗಣದಲ್ಲಿದ್ದ ನೂರು ಜನರೂ ಎದುರಿನ ಮೇಜಿನತ್ತ ತಿರುಗಿದರು. ಅಲ್ಲಿ ಕೂತಿದ್ದವನು ಪೌಷ್ಟಿಕ ಪುಡಿ ಮಾಡುವ ಫ್ಯಾಕ್ಟರಿಯ ಪರೀಕ್ಷಾ ಕೊಠಡಿಯವನು. ಪೂರ್ವಜರ ಊಟ ಒಳ್ಳೆಯದೋ, ಫ್ಯಾಕ್ಟರಿಯ ಊಟ ಒಳ್ಳೆಯದೋ ಎಂಬುದು ಅಂದಿನ ಚರ್ಚೆ.

ಅವಳು ಆಹಾರ ಸಲಹೆಗಾರ್ತಿ, ಊರಿಗೆಲ್ಲ 'ಧಾನ್ಯದಕ್ಕ'. ಮುತ್ತಜ್ಜಿಗೆ ಗುರುತು ಸಿಗದ ವಸ್ತು ಯಾರ ಹೊಟ್ಟೆಗೂ ಹೋಗಬಾರದು ಎನ್ನುವವಳು. ವಾದಕ್ಕೆ ನಿಂತರೆ ಗೆಲ್ಲದೆ ಕೂರುವ ಪೈಕಿಯವಳಲ್ಲ.

"ಚಿಪ್ಸು, ಬಾಟ್ಲಿ ಜ್ಯೂಸು ಬೇಡ ಅನ್ನಿ, ನಾನೂ ಒಪ್ತೀನಿ ಮೇಡಂ," ಎಂದ ಅವನು ಮೆಲ್ಲಗೆ. "ಆದ್ರೆ ಡಬ್ಬದಲ್ಲಿ ಬಂದಿದ್ದೆಲ್ಲ ಒಂದೇ ಅಲ್ಲ. ಕೆಲವರಿಗೆ..."

"ಯಾವ ಕೆಲವರಿಗೆ? ನಮ್ಮಪ್ಪನ್ನ ನೋಡಿ." ಅವಳು ಮೊದಲ ಸಾಲಿಗೆ ಕೈ ತೋರಿಸಿದಳು. "ಗಂಟಲಿನ ಆಪರೇಷನ್ ಆಗಿ ಕಡ್ಡಿ ಆಗಿದ್ರು. ಮೂರು ತಿಂಗಳಲ್ಲಿ ಆರು ಕೆಜಿ ಜಾಸ್ತಿ ಆಗಿದ್ದಾರೆ. ಬರೀ ನಾನು ಮನೇಲಿ ಮಾಡೋ ಧಾನ್ಯದ ಪುಡಿಯಿಂದ."

ಚಪ್ಪಾಳೆಯೋ ಚಪ್ಪಾಳೆ. ಕೈಗಡಿಯಾರ ರಿಪೇರಿ ಮಾಡಿಕೊಂಡು ಬಾಳಿದ್ದ ಅಪ್ಪ ತಲೆ ತಗ್ಗಿಸಿದರು. ಮಗಳ ಹೊಗಳಿಕೆಗೆ ನಾಚಿಕೊಂಡರು ಎಂದುಕೊಂಡರು ಜನ.

ಅವನು ಬಾಯಿ ತೆರೆದ. ಮೊದಲ ಸಾಲಿನತ್ತ ಒಮ್ಮೆ ನೋಡಿ ಮತ್ತೆ ಮುಚ್ಚಿದ.

"ನಾನು ಸೋತೆ ಅಂತಲೇ ಬರ್ಕೊಳ್ಳಿ," ಎಂದ.

ಅವಳು ಡಬ್ಬವನ್ನು ಕಸದ ಬುಟ್ಟಿಗೆ ಎಸೆದಳು. ಎಲ್ಲರೂ ಹೋದ ಮೇಲೆ ಅವನು ಅದನ್ನು ಹೊರತೆಗೆದು, ಕರವಸ್ತ್ರದಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡ. ಬಾಗಿಲಲ್ಲಿ ನಿಂತು ಅವಳು ಅದನ್ನು ನೋಡಿದಳು. ಸೋತವನ ಮುಖ ಇಷ್ಟು ಶಾಂತವಾಗಿರಬಾರದಾಗಿತ್ತು...

ಅವಳು ಸಭಾಂಗಣದಲ್ಲಿ ಮರೆತಿದ್ದ ಕೊಡೆ ತಲುಪಿಸಲು ಅವನು ಮರುದಿನ ಫೋನ್ ಮಾಡಿದ. ಆಮೇಲೆ ಕೊಡೆಯ ನೆಪವಿಲ್ಲದೆಯೂ ಮಾಡಿದ. ತವುಡು, ಸಕ್ಕರೆ, ಆದಿಮಾನವ ಏನು ತಿನ್ನುತ್ತಿದ್ದ ಎಂದೆಲ್ಲ ಜಗಳವಾಡುತ್ತಲೇ ಅವಳು ಸಂಜೆ ಆರಕ್ಕೆ ಫೋನ್ ಪಕ್ಕದಲ್ಲಿ ಕೂರುವುದನ್ನು ಕಲಿತಳು. ಪ್ರೀತಿ ಎಂದು ಮಾತ್ರ ಒಪ್ಪಿಕೊಳ್ಳಲಿಲ್ಲ.

ಒಂದು ಬುಧವಾರ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದಳು. ಬಾಗಿಲಲ್ಲಿ ಅಪರಿಚಿತ ಚಪ್ಪಲಿ. ಅಡುಗೆಮನೆಯಲ್ಲಿ... ಅವನು!

'ಅಪ್ಪನ ಧಾನ್ಯದ ಪುಡಿ' ಎಂದು ಅವಳೇ ಬರೆದು ಅಂಟಿಸಿದ್ದ ಜಾಡಿಗೆ ಅವನು ಲೇಬಲ್ ಕಿತ್ತ ಫ್ಯಾಕ್ಟರಿಯ ಡಬ್ಬದಿಂದ ಪುಡಿ ಸುರಿಯುತ್ತಿದ್ದ. ಅಪ್ಪ ಪಕ್ಕದಲ್ಲಿ ಜಾಡಿ ಹಿಡಿದು ನಿಂತಿದ್ದರು.

"ಛೀ! ಅಲ್ಲಿ ಸೋತಿದ್ದಕ್ಕೆ ಇಲ್ಲಿ ಸೇಡಾ? ನನ್ನ ಮನೆಗೇ ನುಗ್ಗಿ, ನಮ್ಮಪ್ಪಂಗೆ..."

"ಅವನನ್ನ ಬೈಬೇಡ ಪುಟ್ಟಿ," ಎಂದರು ಅಪ್ಪ. "ಆಪರೇಷನ್ ಆದ ಮೊದಲನೇ ವಾರದಿಂದಲೂ ನಾನು ಕುಡೀತಿರೋದು ಇದೇ. ನಿನ್ನ ಪುಡಿ ನುಂಗೋಕೆ ಆಗ್ತಿರ್ಲಿಲ್ಲಮ್ಮ. ತರಿ ಸಿಕ್ಕೊಂಡು ಉಸಿರೇ ಕಟ್ಟೋದು. ನೀನು ಕೆಲಸಕ್ಕೆ ಹೋದ್ಮೇಲೆ ಸಿಂಕಿಗೆ ಚೆಲ್ತಿದ್ದೆ."

"ಡಾಕ್ಟ್ರು..."

"ಅವರೇ ಇದನ್ನ ಬರೆದುಕೊಟ್ಟಿದ್ದು. ಚೀಟಿ ನಿನಗೆ ತೋರಿಸ್ಲಿಲ್ಲ. ಲೇಬಲ್ ಇಲ್ಲದ ಡಬ್ಬ ಸಿಗುತ್ತಾ ಅಂತ ಫ್ಯಾಕ್ಟರಿಗೇ ಹೋಗಿ ಕೇಳ್ದೆ. ಯಾಕೆ ಅಂತ ಇವನು ಕೇಳ್ದ. ಹೇಳ್ದೆ. ಆವತ್ತಿಂದ ಬುಧವಾರ ಬುಧವಾರ ಬರ್ತಾನೆ."

"ಯಾಕಪ್ಪ ಮುಚ್ಚಿಟ್ರಿ?"

ಅಪ್ಪ ಜಾಡಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದರು. "ನಿನಗೆ ಹೆದರಿ."

ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದವಳು ತಾನು! ಹಸಿದ ಅಪ್ಪ ಕಳ್ಳನಂತೆ ಸಿಂಕಿನ ಮುಂದೆ ನಿಂತಿದ್ದರು... ಅದೇ ಅಪ್ಪನನ್ನು ತೋರಿಸಿ ತಾನು ಚಪ್ಪಾಳೆ ಗಿಟ್ಟಿಸಿಕೊಂಡಿದ್ದಳು.

"ಆವತ್ತು ನೀವು ಹೇಳಬಹುದಿತ್ತಲ್ಲ," ಎಂದಳು ಅವನ ಮುಖ ನೋಡದೆ.

"ಹೇಳಿದ್ರೆ ನಾನು ಗೆಲ್ತಿದ್ದೆ. ನೂರು ಜನರ ಮುಂದೆ ನಿಮ್ಮಪ್ಪ ಸುಳ್ಳುಗಾರ ಆಗ್ತಿದ್ರು."

ಆಮೇಲೆ ಹದಿನೈದು ದಿನ ಅವನ ಫೋನನ್ನು ಅವಳು ಎತ್ತಲಿಲ್ಲ. ಕೋಪಕ್ಕಲ್ಲ, ಯಾವ ಮುಖ ಇಟ್ಟುಕೊಂಡು ಮಾತಾಡುವುದೆಂದು. ಅವನೋ, ತಾನು ಬೇಡವಾದೆ ಎಂದುಕೊಂಡು ಬುಧವಾರದ ಡಬ್ಬವನ್ನು ಬಾಗಿಲಲ್ಲೇ ಇಟ್ಟು ಹೋಗತೊಡಗಿದ.

ಮುಂದಿನ ತಿಂಗಳ ಸಭೆಯಲ್ಲಿ ಅವಳು ಅದೇ ವೇದಿಕೆ ಹತ್ತಿದಳು. ಕೈಯಲ್ಲಿ ಆ ಜಾಡಿ. ಹಿಂದಿನ ಸಾಲಿನಲ್ಲಿ ಅವನು ಕೂತಿದ್ದ; ಅಪ್ಪನೇ ಕೈಹಿಡಿದು ಕರೆತಂದಿದ್ದರು.

"ಹೋದ ಸಲ ನಾನು ನಮ್ಮಪ್ಪನ ಬಗ್ಗೆ ಹೇಳಿದ್ದು ಸುಳ್ಳು," ಎಂದಳು. "ಅವರನ್ನ ಉಳಿಸಿದ್ದು ನಾನು ಬುಟ್ಟಿಗೆ ಎಸೆದ ಡಬ್ಬ. ನುಂಗೋಕೆ ಆಗುವವರು ಕಾಳು, ತರಕಾರಿ, ಹಣ್ಣು ತಿನ್ನಿ, ಈಗಲೂ ಅದನ್ನೇ ಹೇಳ್ತೀನಿ. ಆದ್ರೆ ನುಂಗೋಕೆ ಆಗುತ್ತಾ ಅಂತ ನಾನು ನಮ್ಮಪ್ಪನ್ನ ಒಂದು ದಿನವೂ ಕೇಳಲಿಲ್ಲ. ನನಗೆ ನಾಚಿಕೆ ಆಗ್ತಿದೆ."

ಒಂದೂ ಚಪ್ಪಾಳೆ ಬೀಳಲಿಲ್ಲ. ಮೊದಲ ಸಾಲಿನಲ್ಲಿ ಅಪ್ಪ ಮಾತ್ರ ಈ ಸಲ ತಲೆ ಎತ್ತಿ ಕೂತಿದ್ದರು.

ಸಭಾಂಗಣ ಖಾಲಿಯಾದ ಮೇಲೆ ಅವನು ಹತ್ತಿರ ಬಂದ.

"ಇಷ್ಟು ದಿನ ಫೋನ್ ಯಾಕೆ ಎತ್ತಲಿಲ್ಲ?"

"ನಿಮ್ಮ ಮುಂದೆ ನಿಲ್ಲೋಕೆ ಯೋಗ್ಯತೆ ಇಲ್ಲ ಅನ್ನಿಸ್ತು."

"ಈಗ?"

"ಈಗಲೂ ಇಲ್ಲ. ಆದ್ರೆ ನೀವಿಲ್ಲದೆ ಸಂಜೆ ಆರು ಗಂಟೆ ಕಳೆಯೋದೇ ಇಲ್ಲ..." ಅವಳ ಕಣ್ಣು ತುಂಬಿತು. "ನಿಮ್ಮನ್ನ ಪ್ರೀತಿಸ್ತೀನಿ. ಇದನ್ನೂ ಮುಚ್ಚಿಟ್ಟುಕೊಂಡಿದ್ದೆ."

ಅವನು ಅದೇ ಕರವಸ್ತ್ರ ಚಾಚಿದ.

"ನಾನೂ ಅಷ್ಟೇ. ಮೊದಮೊದಲು ನಿಮ್ಮಪ್ಪನಿಗೋಸ್ಕರ ಬರ್ತಿದ್ದೆ. ಆಮೇಲೂ ಬರೀ ಡಬ್ಬ ಕೊಡೋಕೆ ಬರ್ತಿದ್ದೆ ಅಂದ್ಕೊಂಡ್ರಾ?" ಆಮೇಲೆ ಕೇಳಿದ, "ಬುಧವಾರ ಬರಲಾ?"

"ಬನ್ನಿ, ನಾನು ಮನೇಲಿ ಇರೋ ಹೊತ್ತಿಗೆ ಬನ್ನಿ." ಅವಳು ಜಾಡಿಯ ಮೇಲಿದ್ದ ತನ್ನ ಕೈಬರಹದ ಚೀಟಿಯನ್ನು ಉಗುರಿನಿಂದ ಕಿತ್ತಳು. "ಡಬ್ಬದ ಲೇಬಲ್ ಮಾತ್ರ ಇನ್ಮೇಲೆ ಕೀಳಬೇಡಿ."